‘ಕಂಡುಬಂದಿದೆ’ ಅಂದರೆ, ಯಾರಿಗೆ?

ಪ್ರಶ್ನೆ: ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಹಳ್ಳಿಯ ಮಹಿಳಾ ಸಂಘಗಳು ಮತ್ತು ಸಾಲ. ಅಧ್ಯಯನಕ್ಕೆ ನಮ್ಮೂರನ್ನೇ ಆರಿಸಿಕೊಂಡಿದ್ದೇನೆ. ನನ್ನ ಅಮ್ಮ ಅಲ್ಲಿನ ಒಂದು ಸಂಘದಲ್ಲಿ ಇದ್ದಾರೆ. ನಾನು ಯಾರ ಮನೆಗೆ ಹೋದರೂ ಕಾಫಿ ಕೊಡುತ್ತಾರೆ, ‘ಸಂಘದಿಂದ ತುಂಬ ಅನುಕೂಲ ಆಗಿದೆ’ ಅನ್ನುತ್ತಾರೆ. ಆದರೆ ಅಮ್ಮನ ಬಾಯಿಂದ ನಾನು ಕೇಳಿರುವುದೇ ಬೇರೆ. ನನ್ನ ಗೈಡ್ ‘ವಸ್ತುನಿಷ್ಠವಾಗಿರಬೇಕು, ಪ್ರಬಂಧದಲ್ಲಿ ನಾನು ಎಂಬ ಪದವೇ ಬರಬಾರದು’ ಅಂದಿದ್ದಾರೆ. ನಾನು ಇದರಿಂದ ಹೊರಗೆ ನಿಲ್ಲುವುದು ಹೇಗೆ? ಊರು ಬದಲಾಯಿಸಬೇಕಾ? ಅಮ್ಮನ ಸಂದರ್ಶನ ಮಾಡಬಹುದಾ?

ಉತ್ತರ: ನಿಮ್ಮ ಗೈಡ್ ಮಾತಿನಿಂದಲೇ ಶುರು ಮಾಡುತ್ತೇನೆ. ‘ನಾನು’ ಇಲ್ಲದೆ ಪ್ರಬಂಧ ಬರೆಯುವುದು ಕನ್ನಡದಲ್ಲಿ ಬಹಳ ಸುಲಭ. ಭಾಷೆಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ. ‘ಕಂಡುಬಂದಿದೆ’, ‘ತಿಳಿದುಬರುತ್ತದೆ’, ‘ಗಮನಿಸಲಾಗಿದೆ’. ಪರೀಕ್ಷಕನಾಗಿ ನಾನು ಓದಿದ ಪ್ರಬಂಧಗಳಲ್ಲಿ ಈ ಮೂರೂ ಇಲ್ಲದ ಪುಟ ಕಡಿಮೆ. ಒಂದು ಸಲ ಮೌಖಿಕ ಪರೀಕ್ಷೆಯಲ್ಲಿ ‘ಮಹಿಳೆಯರು ಸಂತೃಪ್ತರಾಗಿರುವುದು ಕಂಡುಬಂದಿದೆ’ ಅನ್ನುವ ಸಾಲು ಎದುರಾಯಿತು. ‘ಯಾರಿಗೆ ಕಂಡುಬಂತಮ್ಮಾ?’ ಅಂತ ಕೇಳಿದೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗಲ್ಲ ಸರ್, ನನ್ನ ಜೊತೆ ಬಂದಿದ್ದ ಅಂಗನವಾಡಿ ಮೇಡಂಗೆ’ ಅಂದಳು. ಎಲ್ಲರೂ ನಕ್ಕರು. ಆಮೇಲೆ ನಿಧಾನಕ್ಕೆ ಹೇಳಿದಳು: ಹೆಂಗಸರನ್ನು ಕರೆಸಿದ್ದೇ ಆ ಮೇಡಂ, ಕೂಡಿಸಿದ್ದೂ ಅವರೇ, ಕೆಲವು ಉತ್ತರಗಳನ್ನು ಅವರೇ ಹೇಳಿಬಿಟ್ಟಿದ್ದರು. ಮುನ್ನೂರು ಪುಟದ ಪ್ರಬಂಧದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ಆ ಪ್ರಬಂಧಕ್ಕೆ ಒಂದು ತೂಕ ಬರುತ್ತಿತ್ತು.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಚಿಕ್ಕದು. ಹೊರಗೆ ನಿಲ್ಲಲು ಆಗುವುದಿಲ್ಲ. ನಿಮಗಷ್ಟೇ ಅಲ್ಲ, ಯಾರಿಗೂ ಆಗುವುದಿಲ್ಲ. ಎಲ್ಲಿ ನಿಂತು ನೋಡಿದಿರಿ, ಅಲ್ಲಿಂದ ಏನು ಕಂಡಿತು, ಯಾವುದು ಮರೆಯಾಯಿತು ಅನ್ನುವುದನ್ನು ಬರೆಯಲು ಆಗುತ್ತದೆ. ಅಷ್ಟು ಮಾಡಿದರೆ ನಿಮ್ಮ ಕೆಲಸ ಗಟ್ಟಿಯಾಗುತ್ತದೆ. ಮುಚ್ಚಿಟ್ಟರೆ ಸಡಿಲವಾಗುತ್ತದೆ.

ಇದು ಹಳ್ಳಿ, ಜಾತಿ, ನೆಂಟಸ್ತನ ಇರುವ ಕಡೆ ಮಾತ್ರ ಬರುವ ತೊಡಕು ಅಂದುಕೊಳ್ಳಬೇಡಿ. ಕುದುರೆಯ ಜೊತೆಗೂ ಹೀಗೇ ಆಗಿದೆ.

ನೂರು ವರ್ಷಕ್ಕೂ ಹಿಂದಿನ ಮಾತು. ಬರ್ಲಿನ್‌ನಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ಮೇಷ್ಟ್ರೊಬ್ಬರ ಹತ್ತಿರ ಹಾನ್ಸ್ ಅನ್ನುವ ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಕೊಡುತ್ತಿತ್ತು. ಜನ ಮುಗಿಬಿದ್ದು ನೋಡುತ್ತಿದ್ದರು. 1904ರಲ್ಲಿ ಒಂದು ಸಮಿತಿ ಪರೀಕ್ಷೆ ಮಾಡಿ, ಇದರಲ್ಲಿ ಮೋಸವೇನೂ ಇಲ್ಲ ಎಂದಿತು. ಮೋಸ ನಿಜಕ್ಕೂ ಇರಲಿಲ್ಲ. ಆಮೇಲೆ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಬಂದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಏರ್ಪಾಡು ಮಾಡಿದ. ಕುದುರೆ ತಪ್ಪಿತು. ಕೇಳುವವನು ಕುದುರೆಗೆ ಕಾಣದಂತೆ ಮಾಡಿದ. ಆಗಲೂ ತಪ್ಪಿತು. ಗುಟ್ಟು ಏನಪ್ಪಾ ಅಂದರೆ, ಕುದುರೆ ತಟ್ಟುತ್ತಾ ತಟ್ಟುತ್ತಾ ಸರಿಯಾದ ಸಂಖ್ಯೆಗೆ ಬಂದಾಗ, ಕೇಳಿದವನ ತಲೆ ತನಗೇ ಗೊತ್ತಿಲ್ಲದೆ ಒಂದು ಎಳ್ಳಿನಷ್ಟು ಮೇಲೆ ಏಳುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. 1907ರಲ್ಲಿ ಫುಂಗ್‌ಸ್ಟ್ ಇದನ್ನೆಲ್ಲ ಬರೆದು ಪ್ರಕಟಿಸಿದ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನನಗೆ ಇಷ್ಟವಾಗುವುದು ಮುಂದಿನ ಭಾಗ. ಗುಟ್ಟು ತಿಳಿದ ಮೇಲೂ ಫುಂಗ್‌ಸ್ಟ್‌ಗೆ ತನ್ನ ತಲೆ ಅಲುಗುವುದನ್ನು ಪೂರ್ತಿ ತಡೆಯಲು ಆಗಲಿಲ್ಲ. ಇಡೀ ಜಗತ್ತಿನಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಅವನು. ಅವನ ಕೈಯಲ್ಲೇ ಆಗಲಿಲ್ಲ.

ಹಾಗಾಗಿ ‘ನಾನು ಎಚ್ಚರವಾಗಿದ್ದೆ’ ಅನ್ನುವ ಮಾತನ್ನು ನಾನು ಸಂಶೋಧಕರಿಂದ ಕೇಳಿದಾಗ ತಲೆ ಆಡಿಸುತ್ತೇನೆ ಅಷ್ಟೆ, ನಂಬುವುದಿಲ್ಲ. ಔಷಧಿ ಪರೀಕ್ಷೆ ಮಾಡುವವರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆ. ಯಾವ ರೋಗಿಗೆ ನಿಜವಾದ ಗುಳಿಗೆ, ಯಾರಿಗೆ ಸಕ್ಕರೆ ಗುಳಿಗೆ ಅನ್ನುವುದು ಕೊಡುವ ಡಾಕ್ಟರಿಗೂ ಗೊತ್ತಿರದಂತೆ ಮಾಡುತ್ತಾರೆ. ಡಾಕ್ಟರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಪ್ರಾಮಾಣಿಕತೆಯ ಮೇಲೆ ಭಾರ ಹಾಕುವುದಿಲ್ಲ. ವಿನಯ ಅಂದರೆ ನನ್ನ ಮಟ್ಟಿಗೆ ಇದು. ನಮ್ಮಲ್ಲಿ ವಿನಯ ಬರುವುದು ಮುನ್ನುಡಿಯಲ್ಲಿ: ‘ಇದೊಂದು ಕಿರುಪ್ರಯತ್ನ, ಲೋಪದೋಷಗಳಿದ್ದರೆ ಓದುಗರು ಮನ್ನಿಸಬೇಕು.’ ಅಲ್ಲಿ ಕೈ ಮುಗಿದವರು ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ‘ಸಾಬೀತಾಗಿದೆ’ ಅನ್ನುತ್ತಿರುತ್ತಾರೆ.

ಅಂದಹಾಗೆ, ಇಂಥ ಕಡೆ ಭೌತವಿಜ್ಞಾನಿ ಹೈಸನ್‌ಬರ್ಗ್ ಹೆಸರು ತರಬೇಡಿ. ನೋಡಿದರೆ ಎಲೆಕ್ಟ್ರಾನ್ ಬದಲಾಗುತ್ತದೆ, ಹಾಗೆಯೇ ಹಳ್ಳಿಯೂ ಬದಲಾಗುತ್ತದೆ ಅಂತ ಬರೆಯುವುದು ಒಂದು ಚಾಳಿ. ನಿಮ್ಮ ಊರಿನ ಹೆಂಗಸರು ಎಲೆಕ್ಟ್ರಾನ್‌ಗಳಲ್ಲ. ನೀವು ಯಾರ ಮಗಳು ಅಂತ ಅವರಿಗೆ ಗೊತ್ತು. ಆ ಗೊತ್ತಿರುವುದೇ ಇಲ್ಲಿನ ವಿಷಯ.

ಈಗ ಕನ್ನಡನಾಡಿನದೇ ಒಂದು ಉದಾಹರಣೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಿಮ್ಮ ಸ್ಥಿತಿಗೆ ಇದು ಹತ್ತಿರ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದವರು. ಬೆಳೆದದ್ದು ಕಾಲೇಜ್ ರಸ್ತೆಯ ಮನೆಯಲ್ಲಿ. ಮನೆಯ ಹಿಂದೆ ಕೂಗಳತೆಯಲ್ಲಿ ಬಂಡಿಕೇರಿ, ಕುರುಬರು ಇದ್ದ ಬೀದಿ. ಬೇರೆ ಸಂಸ್ಕೃತಿಯೊಂದನ್ನು ನೋಡಿ ತಾವು ಮೊದಲು ಬೆಚ್ಚಿಬಿದ್ದದ್ದು ಅಲ್ಲೇ ಎಂದು ಅವರು ದೊಡ್ಡವರಾದ ಮೇಲೆ ಬರೆದರು. ಸಮುದ್ರ ದಾಟುವುದೇನೂ ಬೇಕಾಗಿರಲಿಲ್ಲ ನೋಡಿ, ಹಿತ್ತಲು ದಾಟಿದರೆ ಸಾಕಿತ್ತು.

ಅವರು 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದು ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹತ್ತು ಹನ್ನೊಂದು ತಿಂಗಳು ಇದ್ದರು. ಆ ಹಳ್ಳಿಗೆ ಅವರು ಇಟ್ಟ ಹೆಸರು ರಾಂಪುರ. ನಿಜವಾದ ಹೆಸರು ಕೊಡಗಹಳ್ಳಿ. ಉಳಿದುಕೊಂಡದ್ದು ಊರ ಪಟೇಲರ ಮನೆತನಕ್ಕೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಓದಿದ ಮನುಷ್ಯ, ವಿಲಾಯಿತಿಯಿಂದ ಬಂದವರು, ಜಾತಿಯ ಕಟ್ಟುಪಾಡುಗಳನ್ನು ಅಷ್ಟೇನೂ ಹಚ್ಚಿಕೊಂಡವರಲ್ಲ. ಆದರೆ ಊರಿಗೆ ಅವರು ಅಯ್ಯಂಗಾರ್ ಬ್ರಾಹ್ಮಣ. ಒಂದು ದಿನ ಸ್ನಾನ ಮುಗಿಸಿ ಆಮೇಲೆ ಗಡ್ಡ ಹೆರೆದುಕೊಂಡರು. ಪಟೇಲರು ಅದನ್ನು ನೋಡಿ ಬುದ್ಧಿ ಹೇಳಿದರು: ಬ್ರಾಹ್ಮಣರಾದವರು ಕ್ಷೌರ ಆದ ಮೇಲೆ ಸ್ನಾನ ಮಾಡಬೇಕು, ಇದೇನು ಹೀಗೆ? ಮಡಿ ಮೈಲಿಗೆಯನ್ನು ಅಧ್ಯಯನ ಮಾಡಲು ಬಂದವರಿಗೆ ಮಡಿಯ ಪಾಠ ಹೇಳಿದವರು ಒಕ್ಕಲಿಗ ಪಟೇಲರು. ಯಾರು ಯಾರನ್ನು ಅಧ್ಯಯನ ಮಾಡುತ್ತಿದ್ದರು ಇಲ್ಲಿ?

ಈ ಘಟನೆ ನನಗೆ ಯಾಕೆ ಮುಖ್ಯ ಅಂದರೆ, ‘ನಾನು ಬರೀ ಸಂಶೋಧಕ’ ಅಂತ ನೀವು ಹೇಳಿಕೊಳ್ಳಬಹುದು, ಊರು ಅದನ್ನು ಒಪ್ಪಬೇಕಲ್ಲ. ನಮ್ಮ ಹಳ್ಳಿಗಳಲ್ಲಿ ಹೊಸಬರು ಬಂದರೆ ಮೂರನೇ ಮಾತಿಗೆ ‘ತಾವು ಯಾವ ಪೈಕಿ?’ ಅಂತ ಕೇಳುತ್ತಾರೆ. ಉತ್ತರ ಸಿಗುವವರೆಗೆ ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ಕೊಡಬೇಕು, ಏನು ಹೇಳಬೇಕು ಅನ್ನುವುದು ತೀರ್ಮಾನ ಆಗುವುದಿಲ್ಲ. ಸಂಶೋಧಕ ಊರನ್ನು ವರ್ಗೀಕರಿಸುವ ಮೊದಲೇ ಊರು ಸಂಶೋಧಕನನ್ನು ವರ್ಗೀಕರಿಸಿ ಮುಗಿಸಿರುತ್ತದೆ.

ಆ ಜಾಗ ಶ್ರೀನಿವಾಸರಿಗೆ ಒಂದು ಬಾಗಿಲು ತೆರೆಯಿತು, ಇನ್ನೊಂದನ್ನು ಮುಚ್ಚಿತು. ‘ಪ್ರಬಲ ಜಾತಿ’ ಅನ್ನುವ ಅವರ ಪರಿಕಲ್ಪನೆಯನ್ನು ನೀವು ಓದಿರುತ್ತೀರಿ. ರಾಂಪುರದ ಪ್ರಬಲ ಜಾತಿಯ ಬಗ್ಗೆ ಅವರ ಲೇಖನ ಬಂದದ್ದು 1959ರಲ್ಲಿ. ಜಮೀನು, ಜನಬಲ, ಹೊರಗಿನ ಸಂಪರ್ಕ ಇರುವ ಒಂದು ಜಾತಿ, ಮಡಿಯ ಏಣಿಯಲ್ಲಿ ಮೇಲಿನ ಮೆಟ್ಟಿಲಲ್ಲಿ ಇಲ್ಲದಿದ್ದರೂ, ಊರನ್ನು ಹೇಗೆ ನಡೆಸುತ್ತದೆ ಅನ್ನುವುದನ್ನು ಅವರು ತೋರಿಸಿದರು. ಆಕ್ಸ್‌ಫರ್ಡ್‌ನ ಲೈಬ್ರರಿಯಲ್ಲಿ ಕೂತು ಧರ್ಮಶಾಸ್ತ್ರ ಓದಿದ್ದರೆ ಇದು ಕಾಣುತ್ತಿರಲಿಲ್ಲ. ಪಟೇಲರ ಜಗಲಿಯ ಹತ್ತಿರವೇ ಇದ್ದದ್ದರಿಂದ ಕಂಡಿತು ಅನ್ನುವುದು ನನ್ನ ಓದು. ನ್ಯಾಯ ಕೇಳಿಕೊಂಡು ಯಾರು ಬರುತ್ತಾರೆ, ಯಾರ ಮಾತು ನಡೆಯುತ್ತದೆ, ಎಲ್ಲವೂ ಕಣ್ಣ ಮುಂದೆ. ಆದರೆ ಅದೇ ಜಗಲಿಯ ನೆರಳಿನಲ್ಲಿ ಇರುವವರ ಹತ್ತಿರ ದಲಿತರ ಕೇರಿಯವರು ಬಂದು ಮನಸ್ಸು ಬಿಚ್ಚಿ ಮಾತಾಡುತ್ತಾರಾ? ಕೇರಿಯ ಕಡೆಯಿಂದ ಆ ಊರು ಹೇಗೆ ಕಾಣುತ್ತದೆ ಅನ್ನುವುದು ಅವರ ಬರಹದಲ್ಲಿ ತೆಳುವಾಗಿದೆ. ಹೆಂಗಸರ ಲೋಕವೂ ಅಷ್ಟೇ. ಬೇರೆಯವರು ಇದನ್ನು ಎತ್ತಿ ಆಡಿದ್ದಾರೆ. ತಾವು ಮೇಲುಜಾತಿಯವರ ನಡುವೆಯೇ ಹೆಚ್ಚು ಓಡಾಡಿದ್ದನ್ನು ಶ್ರೀನಿವಾಸರೂ ಮುಚ್ಚಿಡಲಿಲ್ಲ. ಕಂಡದ್ದು, ಕಾಣದ್ದು ಎರಡಕ್ಕೂ ಕಾರಣ ಒಂದೇ ಜಗಲಿ. ಅದನ್ನು ಕಿತ್ತು ಹಾಕಿದರೆ ಕಾಣದ್ದು ಕಾಣುತ್ತದೆ ಅಂತಲ್ಲ, ಕಂಡದ್ದೂ ಹೋಗುತ್ತದೆ.

ಆಮೇಲೆ ಬೆಂಕಿ ಬಿತ್ತು. 1970ರ ಏಪ್ರಿಲ್ 24. ಶ್ರೀನಿವಾಸ್ ಆಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಒಂದು ಅಧ್ಯಯನ ಕೇಂದ್ರದಲ್ಲಿ ರಾಂಪುರದ ಪುಸ್ತಕ ಬರೆಯಲು ಕೂತಿದ್ದರು. ಯಾರೋ ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅವರ ಕೋಣೆಯಲ್ಲೇ ಇದ್ದವು, ಸುಟ್ಟುಹೋದವು. (ಮೂರೂ ಪ್ರತಿ ಒಂದೇ ಕಡೆ ಇಡಬೇಡಿ. ಇದು ಬೇರೆ ಪಾಠ.) ನೆನಪಿನಿಂದಲೇ ಬರೆಯಿರಿ ಎಂದು ಸಹೋದ್ಯೋಗಿ ಸಾಲ್ ಟ್ಯಾಕ್ಸ್ ಹುರಿದುಂಬಿಸಿದರು. ಹಾಗೆ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪಿನ ಹಳ್ಳಿ ಅಂತಲೇ ಅದರ ಹೆಸರಿನ ಅರ್ಥ.

ಆ ಪುಸ್ತಕದಲ್ಲಿ ಪಟೇಲರು ಬರುತ್ತಾರೆ, ಅವರ ಸಿಟ್ಟು ಬರುತ್ತದೆ, ಶ್ರೀನಿವಾಸರ ಮುಜುಗರ ಬರುತ್ತದೆ. ಟಿಪ್ಪಣಿ ಉಳಿದಿದ್ದರೆ ಬಹುಶಃ ಕೋಷ್ಟಕಗಳ ಹಿಂದೆ ಮರೆಯಾಗುತ್ತಿದ್ದ ಮನುಷ್ಯ ಮುಂದೆ ಬಂದು ಕೂತ. ಇದರಲ್ಲಿ ಲಾಭ ನಷ್ಟ ಎರಡೂ ಇವೆ. ನೆನಪಿಗೆ ತನ್ನದೇ ಒಲವುಗಳಿವೆ, ಅದು ತನಗೆ ಒಳ್ಳೆಯದನ್ನು ಮಾಡಿದವರನ್ನು ಸ್ವಲ್ಪ ಬೆಳ್ಳಗೆ ತೋರಿಸುತ್ತದೆ. ಆದರೂ, ಹಳ್ಳಿಯನ್ನು ಒಬ್ಬ ಮನುಷ್ಯ ನೋಡಿದ್ದು ಅನ್ನುವುದನ್ನು ಆ ಪುಸ್ತಕ ಓದುಗರಿಂದ ಅಡಗಿಸುವುದಿಲ್ಲ.

ಊರು ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಇದರ ಬಗ್ಗೆ ಹಳೆಯ ಜಗಳವೇ ಇದೆ. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ 1982ರಲ್ಲಿ, ನಮಗೆ ಮೊದಲೇ ಚೆನ್ನಾಗಿ ಗೊತ್ತಿರುವ ಸಮಾಜವನ್ನು ಅಧ್ಯಯನ ಮಾಡುವುದು ಹೊಸ ಜಾಗಕ್ಕೆ ಹೋಗುವುದಕ್ಕಿಂತ ಕಷ್ಟ ಎಂದು ಬರೆದರು. ಶ್ರೀನಿವಾಸರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ನಾನು ಶ್ರೀನಿವಾಸರ ಕಡೆ. ಆದರೆ ಲೀಚ್ ಹೇಳಿದ್ದರಲ್ಲಿ ಒಂದು ಕಾಳು ಸತ್ಯ ಇದೆ, ನಿಮ್ಮ ವಿಷಯದಲ್ಲೇ ತೋರಿಸುತ್ತೇನೆ.

ನಿಮ್ಮೂರಲ್ಲಿ ‘ಸಂಘ’ ಅಂದರೆ ಏನು? 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪನ್ನೂ ಜನ ಸಂಘ ಅನ್ನುತ್ತಾರೆ. ಬ್ಯಾಂಕಿಗೆ ಜೋಡಿಸಿದ ಸ್ವಸಹಾಯ ಗುಂಪನ್ನೂ ಸಂಘ ಅನ್ನುತ್ತಾರೆ. ಮೈಕ್ರೋಫೈನಾನ್ಸ್ ಕಂಪನಿಯವರು ಹತ್ತು ಹೆಂಗಸರನ್ನು ಕೂಡಿಸಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ ಕೊಡುವ ಸಾಲಕ್ಕೂ ‘ಸಂಘದ ಸಾಲ’ ಅನ್ನುತ್ತಾರೆ. ಒಬ್ಬಳೇ ಹೆಂಗಸು ಮೂರರಲ್ಲೂ ಇರಬಹುದು. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಎತ್ತಿರಬಹುದು. ಹೊರಗಿನಿಂದ ಬಂದವಳಾದರೆ ‘ಯಾವ ಸಂಘ?’ ಅಂತ ದಡ್ಡಿಯ ಹಾಗೆ ಕೇಳುತ್ತಿದ್ದಳು. ನೀವು ಕೇಳುವುದಿಲ್ಲ, ಯಾಕೆಂದರೆ ನಿಮಗೆ ಗೊತ್ತು ಅಂದುಕೊಂಡಿರುತ್ತೀರಿ. ‘ಸಂಘದಿಂದ ಅನುಕೂಲ’ ಅಂದವರು ಸ್ತ್ರೀಶಕ್ತಿಯ ಬಗ್ಗೆ ಹೇಳುತ್ತಿರಬಹುದು. ನಿಮ್ಮ ಅಮ್ಮ ಮನೆಯಲ್ಲಿ ಹೇಳಿದ್ದು ವಾರದ ಕಂತಿನ ಗುಂಪಿನ ಬಗ್ಗೆ ಇರಬಹುದು. ಎರಡೂ ನಿಜ ಇರಬಹುದು, ಅಲ್ವಾ? ಒಳಗಿನವರಾಗಿ ಇರುವುದರ ಅಪಾಯ ಇದು. ಸುಳ್ಳು ಕೇಳಿಸಿಕೊಳ್ಳುವುದು ಚಿಕ್ಕ ಅಪಾಯ. ಕೇಳಲೇಬೇಕಾದದ್ದನ್ನು ಕೇಳದೆ ಇರುವುದು ದೊಡ್ಡದು.

ಇನ್ನೊಂದು. ಸಾಲದ ವಸೂಲಿಯ ಕಾಟ ಜಾಸ್ತಿಯಾಗಿ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇಂಥ ಹೊತ್ತಿನಲ್ಲಿ ಕೈಯಲ್ಲಿ ಪುಸ್ತಕ, ಪೆನ್ನು ಹಿಡಿದು ‘ನಿಮಗೆ ಎಷ್ಟು ಸಾಲ ಇದೆ?’ ಅಂತ ಕೇಳುವ ಹುಡುಗಿ ಅವರ ಕಣ್ಣಿಗೆ ಯಾರ ಹಾಗೆ ಕಾಣುತ್ತಾಳೆ, ಯೋಚನೆ ಮಾಡಿ. ಕಂಪನಿಯ ಕಡೆಯವಳ ಹಾಗೆ? ಸರ್ಕಾರದ ಕಡೆಯವಳ ಹಾಗೆ? ಮನ್ನಾ ಆಗುತ್ತದೇನೋ ಅನ್ನುವ ಆಸೆ ಇದ್ದರೆ ಸಾಲ ಹೆಚ್ಚಿಸಿ ಹೇಳುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದರೆ ಕಡಿಮೆ ಹೇಳುತ್ತಾರೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಬಗ್ಗೆ ಅಧ್ಯಯನ. ನಾನು ಹೋದದ್ದು ಒಂದು ಇಲಾಖೆಯ ಜೀಪಿನಲ್ಲಿ. ಬಸ್ಸು ದಿನಕ್ಕೆ ಎರಡೇ ಇತ್ತು ಅನ್ನುವುದು ನೆಪ. ನಿಜ ಹೇಳಬೇಕೆಂದರೆ ಜೀಪಿನಲ್ಲಿ ಇಳಿಯುವುದು ಆ ವಯಸ್ಸಿಗೆ ಖುಷಿ ಕೊಡುತ್ತಿತ್ತು. ಊರ ಮುಖಂಡರ ಜಗಲಿಯ ಮೇಲೆ ಕೂರಿಸಿದರು. ಕೇರಿಯ ಹೆಂಗಸರನ್ನು ಕರೆಸಿದರು. ಅವರು ಕೆಳಗೆ ನಿಂತರು. ಕೊಳವೆಬಾವಿಯ ನೀರು ನಿಮಗೆ ಸಿಗುತ್ತಾ ಅಂತ ಕೇಳಿದೆ. ‘ಸಿಗ್ತೈತೆ ಸಾಮಿ, ಏನೂ ತೊಂದ್ರೆ ಇಲ್ಲ’ ಅಂದರು. ಒಬ್ಬರಾದ ಮೇಲೆ ಒಬ್ಬರು, ಇಪ್ಪತ್ತೆರಡು ಜನ. ನಾನು ಇಪ್ಪತ್ತೆರಡು ಗೀಟು ಹಾಕಿಕೊಂಡೆ. ಸಂಜೆ ಜೀಪಿನ ಟೈರು ಪಂಕ್ಚರ್ ಆಗಿ ರಸ್ತೆಯ ಬದಿ ನಿಂತಿದ್ದಾಗ, ಅದೇ ಗುಂಪಿನ ಒಬ್ಬ ಮುದುಕಿ ಎರಡು ಕೊಡ ಹೊತ್ತು ಹಳ್ಳದ ಕಡೆಯಿಂದ ಬಂದರು. ‘ಊರಲ್ಲೇ ನೀರಿದೆಯಲ್ಲಮ್ಮಾ’ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಲ್ಲಿ ಕುಂತು ಕೇಳಿದ್ರೆ ನಾವೇನ್ ಹೇಳಾಣ ಸಾಮಿ’ ಅಂದರು. ನಿಲ್ಲದೆ ಹೋದರು.

ಆ ಇಪ್ಪತ್ತೆರಡು ಗೀಟು ಸುಳ್ಳಾ? ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಅದು ನೀರಿನ ಬಗ್ಗೆ ಏನೂ ಹೇಳುವುದಿಲ್ಲ. ಜಗಲಿಯ ಬಗ್ಗೆ ಬಹಳ ಹೇಳುತ್ತದೆ. ಆ ದಿನ ಯಾರು ಎಲ್ಲಿ ಕೂತಿದ್ದರು, ಯಾರು ನಿಂತಿದ್ದರು, ನಾನು ಹೇಗೆ ಬಂದೆ ಅನ್ನುವುದನ್ನು ಬರೆದುಕೊಂಡಿದ್ದರೆ ಆ ಪಟ್ಟಿಗೆ ಬೆಲೆ ಬರುತ್ತಿತ್ತು. ನಾನು ಬರೆದದ್ದು ‘ನೀರಿನ ಲಭ್ಯತೆ ತೃಪ್ತಿಕರವಾಗಿರುವುದು ಕಂಡುಬಂದಿದೆ’. ಹೌದು, ನಾನೂ ಅದೇ ಪದ ಬಳಸಿದ್ದೆ. ಪಂಕ್ಚರ್ ಆಗದಿದ್ದರೆ ಅದೇ ವರದಿಯಾಗಿ ಹೋಗುತ್ತಿತ್ತು.

ನಿಮ್ಮ ಕಾಫಿಯ ಸಮಸ್ಯೆ ಇದೇ ಜಾತಿಯದು. ಹಾಗಂತ ನಿರಾಶೆ ಬೇಡ, ಕೂರುವ ರೀತಿ ಬದಲಾಯಿಸಿದರೆ ಮಾತು ಬದಲಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ತಂಡದ ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಮಕ್ಕಳ ಮಾತನ್ನು ಅವರು ದಾಖಲಿಸುತ್ತಿದ್ದರು. ಈ ಮಕ್ಕಳಿಗೆ ಭಾಷೆಯೇ ಸರಿಯಾಗಿ ಬರುವುದಿಲ್ಲ ಅನ್ನುವ ಅಭಿಪ್ರಾಯ ಆಗ ಶಿಕ್ಷಣ ತಜ್ಞರಲ್ಲಿ ಗಟ್ಟಿಯಾಗಿತ್ತು. ಎಂಟು ವರ್ಷದ ಒಬ್ಬ ಹುಡುಗನ ಸಂದರ್ಶನ ಆಯಿತು. ಒಂದು ಪದ, ಅರ್ಧ ಪದ, ತಲೆ ಅಲ್ಲಾಡಿಸುವುದು, ಅಷ್ಟೇ. ಗಮನಿಸಿ, ಸಂದರ್ಶಕ ಬಿಳಿಯನಲ್ಲ. ಹಾರ್ಲೆಮ್‌ನಲ್ಲೇ ಬೆಳೆದ ಕಪ್ಪು ಮನುಷ್ಯ, ಆ ಬೀದಿಗಳನ್ನು ಬಲ್ಲವನು. ಒಳಗಿನವನು. ಆದರೂ ಹುಡುಗನಿಗೆ ಕಂಡದ್ದು ಎದುರಿಗೆ ಕೂತ ಒಬ್ಬ ದೊಡ್ಡ ಆಳು, ಪ್ರಶ್ನೆ ಕೇಳುವವನು.

ಮುಂದಿನ ಸಲ ಅದೇ ಸಂದರ್ಶಕ ಆಲೂಗಡ್ಡೆ ಚಿಪ್ಸ್ ತಂದ. ಹುಡುಗನ ಜೀವದ ಗೆಳೆಯನನ್ನೂ ಕರೆದುಕೊಂಡು ಬಂದ. ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ದೊಡ್ಡವರ ಮುಂದೆ ಆಡಬಾರದ ಮಾತುಗಳನ್ನು ತಾನೇ ಆಡಿದ. ಇಬ್ಬರೂ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಲು ಶುರು ಮಾಡಿದರು. ಹುಡುಗ ಅದೇ, ಭಾಷೆ ಅದೇ, ಸಂದರ್ಶಕನೂ ಅದೇ.

ಲಬೋವ್ ಒಂದು ವಿರೋಧಾಭಾಸವನ್ನು ಹೇಳುತ್ತಿದ್ದರು: ಯಾರೂ ಗಮನಿಸದೆ ಇರುವಾಗ ಜನ ಹೇಗೆ ಮಾತಾಡುತ್ತಾರೆ ಅನ್ನುವುದು ನಮಗೆ ಬೇಕು, ಅದನ್ನು ಗಮನಿಸದೆ ಪಡೆಯಲು ಆಗುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಚಿಪ್ಸ್ ತಂದವನೂ ಹುಡುಗನ ಮೇಲೆ ಪ್ರಭಾವ ಬೀರಿದ. ಮೊದಲನೆಯದು ನಕಲಿ, ಎರಡನೆಯದು ಅಸಲಿ ಅಂತ ಅಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಹುಡುಗ ಏನು ಬಲ್ಲ, ಯಾವಾಗ ಬಾಯಿ ಮುಚ್ಚುತ್ತಾನೆ ಎರಡೂ ಗೊತ್ತಾಗುತ್ತವೆ.

ನೀವೂ ಹಾಗೆ ಮಾಡಬಹುದು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಜಾಗದಲ್ಲಿ ಕೇಳಿ. ಮನೆಯ ನಡುಮನೆಯಲ್ಲಿ ಗಂಡ ಇರುವಾಗ, ಸಂಘದ ಸಭೆಯಲ್ಲಿ, ಕಳೆ ಕೀಳುವಾಗ ಹೊಲದಲ್ಲಿ. ಉತ್ತರ ಬದಲಾದರೆ ಯಾವುದು ಸರಿ ಅಂತ ತಕ್ಷಣ ತೀರ್ಮಾನ ಮಾಡಬೇಡಿ, ಬದಲಾಗಿದ್ದನ್ನೇ ಬರೆದುಕೊಳ್ಳಿ. ಕೆಲವರ ಸಂದರ್ಶನವನ್ನು ನಿಮ್ಮೂರಿಗೆ ಪೂರ್ತಿ ಹೊಸಬಳಾದ ಗೆಳತಿಯೊಬ್ಬಳ ಕೈಲಿ ಮಾಡಿಸಿ. ಅವಳಿಗೆ ಏನು ಹೇಳಿದರು, ನಿಮಗೆ ಏನು ಹೇಳಿದರು ಹೋಲಿಸಿ. ಎಣಿಸಲು ಸಾಧ್ಯ ಇರುವುದನ್ನು ಎಣಿಸಿ. ಪಾಸ್ ಪುಸ್ತಕ, ಕಂತಿನ ಕಾರ್ಡು, ಸಂಘದ ನಡಾವಳಿ ಪುಸ್ತಕ ತೋರಿಸುತ್ತಾರಾ ಕೇಳಿ. ತೋರಿಸಿದರೆ ಅಂಕಿ ಬರೆದುಕೊಳ್ಳಿ, ತೋರಿಸದಿದ್ದರೆ ಅದನ್ನೂ ಬರೆದುಕೊಳ್ಳಿ. ಸಂಶೋಧಕ ಇದರಲ್ಲಿ ಬೆರೆತಿದ್ದಾನೆ ಅಂದ ಮಾತ್ರಕ್ಕೆ ಎಲ್ಲವೂ ದೃಷ್ಟಿಕೋನ, ಸತ್ಯ ಅಂತ ಏನೂ ಇಲ್ಲ ಅನ್ನುವ ಕಡೆಗೆ ಜಾರಬೇಡಿ. ಆ ಮುದುಕಿ ಹೊತ್ತ ಕೊಡ ದೃಷ್ಟಿಕೋನ ಆಗಿರಲಿಲ್ಲ.

ಸಂಶೋಧಕನ ಪ್ರಭಾವ ಎಂಬ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು. ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಕಥೆ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. 1924ರಿಂದ ನಡೆದ ಪ್ರಯೋಗ. ದೀಪದ ಬೆಳಕು ಹೆಚ್ಚಿಸಿದರೂ ಕೆಲಸ ಜಾಸ್ತಿಯಾಯಿತು, ಕಡಿಮೆ ಮಾಡಿದರೂ ಜಾಸ್ತಿಯಾಯಿತು, ಯಾರೋ ಗಮನಿಸುತ್ತಿದ್ದಾರೆ ಅನ್ನುವುದೇ ಕಾರಣ ಅಂತ ಹೇಳುತ್ತಾ ಬಂದರು. ಬಹಳ ಕಾಲದ ಮೇಲೆ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಅಂಕಿಗಳನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದರು. ದೀಪ ಬದಲಾಯಿಸುತ್ತಿದ್ದದ್ದು ಭಾನುವಾರ, ರಜೆಯ ದಿನ. ಸೋಮವಾರ ಕೆಲಸ ಜಾಸ್ತಿ ಆಗುತ್ತಿತ್ತು, ನಿಜ. ದೀಪ ಮುಟ್ಟದ ವಾರಗಳಲ್ಲೂ ಸೋಮವಾರ ಜಾಸ್ತಿಯೇ ಆಗುತ್ತಿತ್ತು!

ಈಗ ನಿಮ್ಮ ಗೈಡ್ ವಿಷಯ. ಅವರ ಭಯದಲ್ಲಿ ಅರ್ಥ ಇದೆ. ಇತ್ತೀಚೆಗೆ ಇನ್ನೊಂದು ಅತಿ ಶುರುವಾಗಿದೆ. ಮೊದಲ ಅಧ್ಯಾಯದಲ್ಲಿ ಒಂದು ಪ್ಯಾರಾ: ‘ನಾನು ಇಂಥ ಜಾತಿ, ಇಂಥ ವರ್ಗ, ನಗರವಾಸಿ, ಇದರ ಅರಿವು ನನಗಿದೆ.’ ಅಲ್ಲಿಗೆ ಪಾಪ ಕಳೆಯಿತು. ಮುಂದಿನ ಇನ್ನೂರೈವತ್ತು ಪುಟದಲ್ಲಿ ಆ ಜಾತಿ, ಆ ವರ್ಗ ಯಾವ ಸಂದರ್ಶನವನ್ನು ಹೇಗೆ ತಿರುಗಿಸಿತು ಅನ್ನುವ ಸುದ್ದಿಯೇ ಇಲ್ಲ. ಇನ್ನು ಕೆಲವರು ಊರಿನ ಹೆಸರಿನಲ್ಲಿ ಶುರು ಮಾಡಿ ತಮ್ಮ ಸಂಕಟವನ್ನೇ ಬರೆಯುತ್ತಾ ಹೋಗುತ್ತಾರೆ. ಹೆಂಗಸರ ಸಾಲದ ಬಗ್ಗೆ ತಿಳಿಯಲು ಕೂತ ನನಗೆ ಸಂಶೋಧಕಿಯ ತಳಮಳ ಎಂಬತ್ತು ಪುಟ ಯಾಕೆ ಬೇಕು? ಅದೂ ಒಂದು ಬಗೆಯ ಅಹಂಕಾರವೇ, ಕಣ್ಣೀರು ಹಾಕಿಕೊಂಡು ಬಂದದ್ದು.

ಆದ್ದರಿಂದ ಗೈಡ್ ಜೊತೆ ಜಗಳ ಆಡಬೇಡಿ. ‘ನಾನು’ ಬೇಡ ಅಂದರೆ ‘ಸಂಶೋಧಕಿ’ ಅಂತ ಬರೆಯಿರಿ, ನಷ್ಟವಿಲ್ಲ. ಆದರೆ ವಿಧಾನದ ಅಧ್ಯಾಯದಲ್ಲಿ ಕಟ್ಟುನಿಟ್ಟಾಗಿ ಹಾಕಿ: ಸಂಶೋಧಕಿ ಇದೇ ಊರಿನವಳು, ತಾಯಿ ಇಂಥ ಬಗೆಯ ಸಂಘದ ಸದಸ್ಯೆ, ಇಷ್ಟು ಸಂದರ್ಶನಗಳಲ್ಲಿ ಬೇರೆಯವರು ಎದುರಿಗಿದ್ದರು, ಇಂಥ ಕೇರಿಯಲ್ಲಿ ಇಷ್ಟು ಮನೆಯವರು ಮಾತಾಡಲು ಒಪ್ಪಲಿಲ್ಲ. ಇದನ್ನು ಅವೈಜ್ಞಾನಿಕ ಅಂತ ಯಾರೂ ಅನ್ನಲಾರರು. ಪ್ರಯೋಗಾಲಯದವರು ಉಪಕರಣದ ವಿವರ ಕೊಡುವುದಿಲ್ಲವಾ? ಇಲ್ಲಿ ಉಪಕರಣ ನೀವು.

ಎರಡು ನೋಟುಪುಸ್ತಕ ಇಡಿ ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಂದು ಕೇಳಿದ್ದಕ್ಕೆ, ಇನ್ನೊಂದು ನಿಮ್ಮ ಸಿಟ್ಟು, ಬೇಜಾರು, ನಾಚಿಕೆಗೆ. ನ್ಯೂಗಿನಿ ಹತ್ತಿರದ ಟ್ರೊಬ್ರಿಯಂಡ್ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದು, ಜನರ ನಡುವೆ ಬದುಕಿ ಅಧ್ಯಯನ ಮಾಡುವುದನ್ನು ಜಗತ್ತಿಗೆ ಕಲಿಸಿದ ಮಲಿನೋವ್‌ಸ್ಕಿ ಖಾಸಗಿ ದಿನಚರಿ ಬರೆಯುತ್ತಿದ್ದರು. ಅವರು ತೀರಿಕೊಂಡು 25 ವರ್ಷದ ಮೇಲೆ, 1967ರಲ್ಲಿ ಅದು ಅಚ್ಚಾಯಿತು. ತುಂಬ ಮನೆಯ ಹಂಬಲ, ರೇಗಾಟ, ಅಲ್ಲಿನ ಜನರ ಬಗ್ಗೆ ಕೆಟ್ಟ ಮಾತು. ಓದಿದವರು ಬೆಚ್ಚಿಬಿದ್ದರು. ನನಗೆ ಆ ದಿನಚರಿ ಇದ್ದದ್ದು ತಪ್ಪು ಅನ್ನಿಸುವುದಿಲ್ಲ. ಅದಕ್ಕೂ ಅವರ ಪುಸ್ತಕಗಳಿಗೂ ನಡುವೆ ಬಾಗಿಲೇ ಇಲ್ಲದ್ದು ತಪ್ಪು. ಯಾರ ಮನೆಗೆ ಹೋಗಲು ನಿಮಗೆ ಬೇಜಾರಾಗುತ್ತದೋ ಅವರ ಸಂದರ್ಶನ ಚಿಕ್ಕದಾಗಿರುತ್ತದೆ. ಎರಡನೇ ಪುಸ್ತಕ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಕೊನೆಗೆ ಅಮ್ಮ. ಇಲ್ಲಿ ಎರಡು ವಿಷಯ ಬೇರೆ ಮಾಡಬೇಕು. ಇಷ್ಟು ದಿನ ಅಮ್ಮ ನಿಮಗೆ ಹೇಳಿದ್ದು ಅಡುಗೆಮನೆಯ ಮಾತು. ಅದರಲ್ಲಿ ಅರ್ಧ ಬೇರೆ ಹೆಂಗಸರು ನಂಬಿ ಅವರ ಕಿವಿಯಲ್ಲಿ ಹೇಳಿದ್ದು. ಅದನ್ನು ಮಾಹಿತಿ ಅಂತ ಪ್ರಬಂಧಕ್ಕೆ ಹಾಕುವ ಹಕ್ಕು ನಿಮಗಿಲ್ಲ, ಹೆಸರು ಮರೆಮಾಚಿದರೂ ಇಲ್ಲ. ಚಿಕ್ಕ ಊರಲ್ಲಿ ‘ಎರಡು ಹಸು ಇರುವ ವಿಧವೆ’ ಅಂದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಎಲ್ಲಿ ಅಗೆಯಬೇಕು ಅನ್ನುವ ಸುಳಿವಾಗಿ ಆ ಮಾತು ನಿಮಗೆ ಉಪಯೋಗ ಆಗಲಿ, ಅಷ್ಟೇ. ಆಮೇಲೆ ಅವರವರ ಹತ್ತಿರವೇ ಹೋಗಿ, ಅವರು ಸಂಶೋಧಕಿಗೆ ಹೇಳಲು ಒಪ್ಪಿದ್ದನ್ನು ಮಾತ್ರ ಬರೆದುಕೊಳ್ಳಿ.

ಅಮ್ಮನ ಸಂದರ್ಶನ ಬೇಕೇ ಬೇಕು ಅಂದರೆ ಮಾಡಿಸಿ, ಆದರೆ ನೀವು ಮಾಡಬೇಡಿ. ಮೊದಲು ಅಮ್ಮನಿಗೆ ಎಲ್ಲ ವಿವರಿಸಿ, ಬೇಡ ಅನ್ನುವ ಸ್ವಾತಂತ್ರ್ಯ ಕೊಡಿ. ಒಪ್ಪಿದರೆ ಆ ಗೆಳತಿಯನ್ನು ಕಳಿಸಿ, ನೀವು ಮನೆಯಲ್ಲಿ ಇರಬೇಡಿ, ತೋಟದ ಕಡೆ ಹೋಗಿಬನ್ನಿ. ಆಮೇಲೆ ಅಮ್ಮ ಒಪ್ಪಿದರೆ ರೆಕಾರ್ಡಿಂಗ್ ಕೇಳಿ. ನಿಮ್ಮಮ್ಮ ಆ ಹುಡುಗಿಗೂ ಕಾಫಿ ಕೊಟ್ಟು ‘ಸಂಘದಿಂದ ತುಂಬ ಅನುಕೂಲ ಆಗಿದೆ’ ಅಂತಲೇ ಹೇಳಿರುತ್ತಾರೆ ಅನ್ನುವುದು ನನ್ನ ಅಂದಾಜು. ಹೇಳಿದ್ದರೆ ದಿನಾಂಕ, ಹೊತ್ತು, ಯಾರು ಯಾರು ಇದ್ದರು ಎಲ್ಲ ಹಾಕಿ ಮೊದಲ ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮಗೆ ಏನನ್ನಿಸಿತು ಅನ್ನುವುದು ಎರಡನೆಯದಕ್ಕೆ.